ಕುಂಬಳೆಯ ಕೋಳಿ ಅಂಕದಲ್ಲಿ ದಮಯಂತಿ

ಅಜ್ಜಾವರದ ದಮಯಂತಿಗೆ ಹೆದರಿಕೆ ಹುಟ್ಟಿಸದ ವಸ್ತು ಲೋಕದಲ್ಲಿ ಇರಲಿಲ್ಲ. ಮಂಗಳೂರಿನಲ್ಲಿ ಓದಿ ಬೆಳೆದು ಕುಕ್ಕಪ್ಪನ ಕೈಹಿಡಿದು ಬಂದವಳು. ಬಾವಿ ಕಂಡರೆ ಹೆದರಿಕೆ, ಗುಡುಗಿದರೆ ಹೆದರಿಕೆ. ಮಗ ತೀರ್ಥರಾಮ ಹುಟ್ಟಿದ ಮೇಲಂತೂ ಮಲಗಿದ ಮಗುವಿನ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುವುದೇ ಒಂದು ವ್ರತವಾಗಿಬಿಟ್ಟಿತು. ಸೀನಿದರೆ ಜ್ವರವೇ? ಸೀನದಿದ್ದರೆ ಮತ್ತೇನು?

"ಓದಿದವಳಲ್ವಾ, ತಲೆಯಲ್ಲಿ ಹುಳ ಜಾಸ್ತಿ" ಎಂದು ಕುಕ್ಕಪ್ಪ ನಗುತ್ತಿದ್ದ.

ಅವನಿಗೆ ಕೋಳಿ ಅಂಕದ ಹುಚ್ಚು. ಹುಂಜದ ಕಾಲಿಗೆ ಬಾಳು, ಅಂದರೆ ಕ್ಷೌರದ ಕತ್ತಿಯಷ್ಟು ಹರಿತವಾದ ಅಲಗು, ಕಟ್ಟಿ ಕಾದಾಟಕ್ಕೆ ಬಿಡುವ ಆಟ. ಅವಳಿಗೆ ಬೇಸಗೆಗೊಂದು ಕಾದಂಬರಿಯ ಹುಚ್ಚು. ಅರುವತ್ತೊಂದನೆಯ ಇಸವಿಯ ಏಪ್ರಿಲಿನಲ್ಲಿ ಈ ಎರಡು ಹುಚ್ಚುಗಳೂ ಒಟ್ಟಿಗೇ ಕಾಸರಗೋಡಿನ ಬಸ್ಸು ಹತ್ತಿ, ಅಲ್ಲಿಂದ ಕುಂಬಳೆಗೆ ಬಂದಿಳಿದವು. ಕುಂಬಳೆ ಹಿಂದೆ ಅರಸರಿದ್ದ ಊರು. ಈಗ ಉಳಿದದ್ದು ಪಾಚಿ ಹಿಡಿದ ಕೋಟೆ, ಒಣಮೀನಿನ ವಾಸನೆ, ಎಡೆಬಿಡದೆ ದಂಡೆಗೆ ಬಡಿಯುವ ಕಡಲು. ಆ ಸದ್ದಿಗೇ ದಮಯಂತಿ ಮಗುವನ್ನು ಎದೆಗವಚಿಕೊಂಡಳು.

"ನೀನು ಪುಸ್ತಕ ನೋಡು. ಮಗು ನನ್ನ ಹತ್ರ ಇರಲಿ."

"ಅಲ್ಲಿ ಬಾಳು ಇರ್ತದೆ."

"ಬಾಳು ಕೋಳಿಯ ಕಾಲಲ್ಲಿ ಇರುದು ಮಾರಾಯ್ತಿ. ಅದೂ ನಮ್ಮ ಬೊಳ್ಳೆಯ ಕಾಲಲ್ಲಿ. ದಿನಾ ಇವನ ಅಂಗೈಯಿಂದ ಅಕ್ಕಿ ತಿನ್ನುದು ಅದೇ ಅಲ್ವಾ?"

ಬೊಳ್ಳೆ ಅವನ ಬಿಳಿ ಹುಂಜ. ಕಂಕುಳಲ್ಲಿ ಅದನ್ನೂ ಹೆಗಲ ಮೇಲೆ ಮಗುವನ್ನೂ ಇಟ್ಟುಕೊಂಡು ಕುಕ್ಕಪ್ಪ ಕೋಟೆಯ ಹಿಂದಿನ ತೆಂಗಿನ ತೋಪಿಗೆ ನಡೆದ.

ಕೋಟೆಯ ಬದಿಯ ಇಬ್ರಾಹಿಂನ ಅಂಗಡಿಯಲ್ಲಿ ಕೊಡೆ, ಸ್ಲೇಟುಗಳ ನಡುವೆ ಕಾದಂಬರಿಗಳ ಒಂದು ಅಟ್ಟಿ. ದಮಯಂತಿ ಒಂದೊಂದನ್ನೇ ಎತ್ತಿ ಕೊನೆಯ ಪುಟ ತೆರೆದಳು.

"ಎಂತ ಅಕ್ಕ, ಊಟಕ್ಕೆ ಕೂತ ಕೂಡ್ಲೆ ಪಾಯಸಕ್ಕೇ ಕೈ ಹಾಕುದಾ?"

"ಇದರಲ್ಲಿ ಮಗು ಸಾಯ್ತದಾ ಅಂತ ನೋಡುದು."

"ಸತ್ತರೆ?"

"ಬೇಡ. ಮಳೆಗಾಲದವರೆಗೆ ನಂಗೆ ನಿದ್ರೆ ಬರುದಿಲ್ಲ."

ಇಬ್ರಾಹಿಂ ನಗುತ್ತಾ ತಳದಿಂದ ಒಂದು ದಪ್ಪ ಪುಸ್ತಕ ಎಳೆದುಕೊಟ್ಟ. "ಇದು ತಕೊಳ್ಳಿ. ಇದರಲ್ಲಿ ಮಕ್ಕಳೇ ಇಲ್ಲ."

ಅವಳು ಮೊದಲ ಪುಟ ತಿರುವುವಷ್ಟರಲ್ಲಿ ತೋಪಿನ ಕಡೆಯಿಂದ ಬೊಬ್ಬೆ ಕೇಳಿಸಿತು. ಅದು ಗೆದ್ದವರ ಬೊಬ್ಬೆಯಾಗಿರಲಿಲ್ಲ. ಪುಸ್ತಕ ಕೈಯಲ್ಲಿದ್ದ ಹಾಗೆಯೇ ಅವಳು ಓಡಿದಳು, "ಅಕ್ಕಾ!" ಎನ್ನುತ್ತಾ ಇಬ್ರಾಹಿಂ ಹಿಂದಿನಿಂದ ಓಡಿದ.

ಅಂಕದಲ್ಲಿ ಸಂಪಾಜೆಯ ಮಾಯಿಲಪ್ಪನ ಕೆಂಪು ಹುಂಜ ಕರುಳು ಹೊರಬಿದ್ದು ಮಲಗಿತ್ತು.

"ಸತ್ತಿಲ್ಲ! ಬಿದ್ದಲ್ಲಿಂದಲೇ ಕುಕ್ಕಿತು. ಓಡಿದ್ದು ನಿನ್ನದು, ಓಡಿದ ಕೋಳಿ ಸೋತ ಹಾಗೆ!" ಎಂದ ಮಾಯಿಲಪ್ಪ.

"ಓಡುದು ನಿನ್ನ ಅಪ್ಪ!" ಎಂದು ಕುಕ್ಕಪ್ಪ ಹೆಗಲಿನ ಮಗುವನ್ನು ನೆಲಕ್ಕಿಳಿಸಿ ಮಾಯಿಲಪ್ಪನ ಕುತ್ತಿಗೆಗೆ ಕೈ ಹಾಕಿದ. ಇಬ್ಬರೂ ಮಣ್ಣಿಗೆ ಬಿದ್ದರು. ಮಾಯಿಲಪ್ಪನ ಹಲ್ಲು ಕುಕ್ಕಪ್ಪನ ಕಿವಿಯಲ್ಲಿ, ಕುಕ್ಕಪ್ಪನ ಮೊಣಕಾಲು ಅವನ ಹೊಟ್ಟೆಯಲ್ಲಿ. ಸುತ್ತಲಿನವರಿಗೆ ಅದೇ ಹೊಸ ಅಂಕ.

ಬೊಳ್ಳೆ ಮಾತ್ರ ಕಾಲಿನ ಬಾಳಿನೊಂದಿಗೆ ರೆಕ್ಕೆ ಕೆದರಿ ಸುತ್ತುತ್ತಿತ್ತು. ತೀರ್ಪಾಗುವವರೆಗೆ ಒಡೆಯನಲ್ಲದೆ ಯಾರೂ ಹುಂಜವನ್ನು ಮುಟ್ಟಬಾರದು, ಮುಟ್ಟಿದರೆ ಅದು ಸೋತಂತೆ. ಹಾಗಾಗಿ ಅಷ್ಟು ಗಂಡಸರಿದ್ದೂ ಒಬ್ಬನೂ ಕೈಚಾಚಲಿಲ್ಲ. ಕೈಚಾಚಿದ್ದು ತೀರ್ಥರಾಮ. ಅಕ್ಕಿ ಹಿಡಿದಂತೆ ಅಂಗೈ ಬಿಡಿಸಿ, "ಕೋ ಕೋ" ಎಂದು ತಟ್ಟಾಡುತ್ತಾ ಹೋದ. ಮೈಯೆಲ್ಲ ನೆತ್ತರಾಗಿ ಕಣ್ಣು ಕುರುಡಾದ ಹುಂಜಕ್ಕೆ ಎದುರು ಬಂದದ್ದೆಲ್ಲ ಹಗೆಯೇ. ಅದು ಎಗರಿತು, ಬಾಳು ಮಗುವಿನ ತಲೆಯ ಮೇಲಿಂದ ಬೀಸಿ ಹೋಯಿತು.

ದಮಯಂತಿ ಕಾದಂಬರಿಯನ್ನು ಬೀಸಿ ಎಸೆದಳು. ತಗಲಲಿಲ್ಲ. ತಾನೇ ಮುನ್ನುಗ್ಗಿ, ಎರಡನೆಯ ಸಲ ಎಗರಿದ ಹುಂಜದ ಕಾಲನ್ನೇ ಹಿಡಿದಳು. ಬಾಳು ಅಂಗೈಯನ್ನು ಎಲುಬಿನವರೆಗೆ ಸೀಳಿತು. ಬಿಡಲಿಲ್ಲ. ತೆಂಗಿನ ಬುಡಕ್ಕೆ ಬಡಿದಳು. ಮತ್ತೆ ಬಡಿದಳು. ಕುತ್ತಿಗೆ ಜೋತುಬಿದ್ದ ಮೇಲೂ ಬಡಿದಳು, ಬಿಳಿ ಗರಿಗಳು ಅವಳ ತುಟಿಗೆ ಅಂಟಿಕೊಳ್ಳುವವರೆಗೆ.

ಕುಕ್ಕಪ್ಪ ಕಿವಿಯಿಂದ ನೆತ್ತರು ಸುರಿಸುತ್ತಾ ಎದ್ದು ಬಂದ.

"ಗೆದ್ದ ಕೋಳಿಯನ್ನು ಕೊಂದಿಯಲ್ಲ, ಮುಂಡೆ! ಹೆಂಗಸು ಬಾಳು ಮುಟ್ಟುದಾ?" ಎಂದು ಕೆನ್ನೆಗೆ ಬಾರಿಸಿದ. ಅವಳು ಮುಗ್ಗರಿಸಿ ನಿಂತಳು. ಅವನ ಕೈ ಮತ್ತೆ ಮೇಲೆದ್ದಾಗ ಸತ್ತ ಹುಂಜದ ಕಾಲು ಹಿಡಿದು ಬಾಳನ್ನು ಅವನ ಗಂಟಲಿಗೆ ನೇರ ಮಾಡಿದಳು.

"ಹೊಡೀರಿ. ಇನ್ನೊಂದು ಹೊಡೀರಿ, ನೋಡುವ."

ಕುಕ್ಕಪ್ಪನ ಕೈ ಎತ್ತಿದಲ್ಲೇ ಉಳಿಯಿತು.

"ನಿಮ್ಮ ಹೆಂಡ್ತಿಗೇ ಬಾಳು ಕಟ್ಟಬಹುದಿತ್ತಲ್ಲ ಮಾರಾಯ್ರೆ" ಎಂದು ಮಾಯಿಲಪ್ಪ ಬಿದ್ದಲ್ಲಿಂದ ಹೇಳಿದ.

ಇಬ್ರಾಹಿಂ ತನ್ನ ಹೆಗಲ ಮೇಲಿನ ಬೈರಾಸನ್ನು ಹರಿದು ಅವಳ ಕೈಗೆ ಬಿಗಿದ. ಅವಳು ಇನ್ನೊಂದು ಕೈಯಲ್ಲಿ ಮಗುವನ್ನೆತ್ತಿಕೊಂಡು ಬಸ್ಸು ನಿಲ್ಲುವಲ್ಲಿಗೆ ನಡೆದಳು. ಕುಕ್ಕಪ್ಪ ಹತ್ತು ಮಾರು ಹಿಂದೆ, ತಲೆ ತಗ್ಗಿಸಿಕೊಂಡು.

ಬಸ್ಸಿನಲ್ಲಿ ಅವಳು ಮಗುವಿನ ಬೆರಳು, ಕಣ್ಣು, ಕುತ್ತಿಗೆ ಎಲ್ಲ ತಡವಿ ನೋಡಿದಳು. ಒಂದು ಗೀರೂ ಇರಲಿಲ್ಲ. ಆಗ ಅವಳಿಗೆ ಅಳು ಉಕ್ಕಿತು. ತೀರ್ಥರಾಮ ಮಾತ್ರ ಅವಳ ಸೀರೆಗಂಟಿದ ಬಿಳಿ ಗರಿಯೊಂದನ್ನು ಕಿತ್ತು ನೋಡಿ, "ಕೋ ಕೋ" ಎಂದು ಕಿರುಚಿ, ಎರಡು ಪುಟ್ಟ ಮುಷ್ಟಿಗಳಿಂದ ಅವಳ ಮುಖಕ್ಕೆ ಗುದ್ದತೊಡಗಿದ. ಗಂಡ ಹೊಡೆದ ಕೆನ್ನೆಯ ಮೇಲೇ ಗುದ್ದಿದ. ದಮಯಂತಿ ಮುಖ ತಿರುಗಿಸಲಿಲ್ಲ. ಕೈ ಸೋಲುವವರೆಗೂ ಹೊಡೆಯಲಿ ಎಂದು ಅವನನ್ನು ಹಾಗೇ ಹಿಡಿದುಕೊಂಡಳು.