ಅವ್ವ ವಿಭೂತಿ ಹಚ್ಚಿದ ರೂಟರ್

ಇಳಕಲ್ಲಿನಲ್ಲಿ ನಮ್ಮ ಮನೆಗೂ ತಮ್ಮನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅಪ್ಪ ತೀರಿಕೊಂಡ ಮೇಲೆ ಹಳೆಯ ಮನೆಯನ್ನು ಎರಡು ಮಾಡಿಕೊಂಡಾಗ ಎಬ್ಬಿಸಿದ ಗೋಡೆ ಅದು. ಅವ್ವ ಉಳಿದದ್ದು ನನ್ನ ಕಡೆ. ಉಣ್ಣುವುದು ಇಲ್ಲಿ, ಮಲಗುವುದು ಇಲ್ಲಿ, ಬೈಯುವುದೂ ಇಲ್ಲಿ. ಆದರೆ ಸಂಜೆ ದೇವರಿಗೆ ದೀಪ ಹಚ್ಚಿದ ಕೂಡಲೇ ಮೊಬೈಲನ್ನು ಸೆರಗಿನಲ್ಲಿ ಸುತ್ತಿಕೊಂಡು ತಮ್ಮನ ಮನೆಗೆ ಹೊರಟುಬಿಡುತ್ತಿದ್ದಳು. ಬಾದಾಮಿಯಲ್ಲಿರುವ ಅವಳ ತಂಗಿ, ಅಂದರೆ ನಮ್ಮ ಚಿಗವ್ವ, ಆ ಹೊತ್ತಿಗೆ ವಿಡಿಯೊ ಕಾಲಿಗೆ ಕಾಯುತ್ತಿರುತ್ತಾಳೆ.

"ಇಲ್ಲೇ ಕುಂತು ಮಾತಾಡಬೇ, ಇಲ್ಲೂ ನೆಟ್ ಐತಿ" ಎಂದರೆ ಅವ್ವ ನನ್ನತ್ತ ತಿರುಗಿಯೂ ನೋಡುತ್ತಿರಲಿಲ್ಲ.

"ನಿನ್ನ ಮನ್ಯಾಗ ಆಕಿ ಮಾರಿ ಬಾದಾಮಿ ಗವಿಯಾಗಿನ ಗೊಂಬಿಯಂಗ ನಿಂತಬಿಡ್ತೈತಿ. ಬಾಯಿ ತೆರದಿರ್ತಾಳ, ಮಾತ ಬರೂದುಲ್ಲ. ತಮ್ಮನ ಮನ್ಯಾಗ ನೋಡು, ಮೂಗಿನ ನತ್ತು ಸೈತ ಕಾಣ್ತೈತಿ."

ಇಬ್ಬರದೂ ಒಂದೇ ಕಂಪನಿಯ ಫೈಬರ್. ಒಂದೇ ಕಂಬದಿಂದ ಇಳಿದ ತಂತಿ. ಆದರೂ ನನ್ನ ಮನೆಯಲ್ಲಿ ಚಿಗವ್ವ ಕಲ್ಲಾಗುತ್ತಿದ್ದಳು, ಅವನ ಮನೆಯಲ್ಲಿ ನಗುತ್ತಿದ್ದಳು. ಕಾರಣ ಇಷ್ಟೇ: ತಮ್ಮನದು ಸೀರೆ ಅಂಗಡಿ. ಗಿರಾಕಿಗಳಿಗೆ ವಿಡಿಯೊದಲ್ಲಿ ಸೀರೆ ತೋರಿಸುವುದಕ್ಕೆ ಬೇಕೆಂದು ಕಂಪನಿ ಕೊಟ್ಟ ಬಿಳಿ ಡಬ್ಬಿಯನ್ನು ಕಿತ್ತು, ತನ್ನದೇ ರೂಟರನ್ನು ನೇರವಾಗಿ ಫೈಬರಿಗೆ ಸಿಕ್ಕಿಸಿಕೊಂಡಿದ್ದ. ನನಗೆ ಮಾತ್ರ ಹಾಗೆ ಮಾಡಬಹುದೆಂಬುದೇ ಗೊತ್ತಿರಲಿಲ್ಲ.

ಸುಳ್ಳು ಹೇಳಿ ಏನು ಪ್ರಯೋಜನ? ನನಗೆ ಹೊಟ್ಟೆಕಿಚ್ಚು ಹತ್ತಿತ್ತು. ಹುನಗುಂದದ ಕಚೇರಿಯಿಂದ ದಣಿದು ಬಂದು ಕುಳಿತರೆ ಗೋಡೆಯಾಚೆಯಿಂದ ಅವ್ವನ ನಗು ಕೇಳುತ್ತಿತ್ತು. ಏನು ಮಾತಾಡುತ್ತಾಳೆಂದು ತಿಳಿಯುತ್ತಿರಲಿಲ್ಲ, ನಗು ಮಾತ್ರ. ಅನ್ನ ಹಾಕುವವನು ನಾನು, ದವಾಖಾನೆಗೆ ಕರೆದೊಯ್ಯುವವನು ನಾನು, ನಗು ಮಾತ್ರ ಅವನ ಮನೆಗೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುವುದು ಇದಕ್ಕೇ ಇರಬೇಕು ಎಂದುಕೊಳ್ಳುತ್ತಿದ್ದೆ.

"ನಮ್ಮ ವೈಫೈ ಪಾಸ್‌ವರ್ಡ್ ಕೊಡ್ತೇನಿ ತಗೋ ಅಣ್ಣಾ, ಗ್ವಾಡಿ ದಾಟಿ ನಿನ್ನ ಪಡಸಾಲಿಗೂ ಬರ್ತೈತಿ" ಎಂದು ತಮ್ಮ ಒಮ್ಮೆ ಹೇಳಿದ. ಬೇಡವೆಂದೆ. ಅವ್ವನ ನಗುವಿಗೂ ಅವನ ಎರವಲು ಬೇಕೇ?

ನನ್ನ ಹೆಂಡತಿ ಒಳಗಿನಿಂದಲೇ ಅಂದಳು, "ನಿಮ್ಮ ಹೊಟ್ಟಿಕಿಚ್ಚು ನೋಡ್ರಿ, ಯಾವ ಡಬ್ಬಿ ಇಲ್ಲದನೂ ಗ್ವಾಡಿ ದಾಟಿ ಹೋಗ್ತೈತಿ."

ಅಂದಿನಿಂದ ಕಚೇರಿಯಲ್ಲಿ ಊಟದ ಹೊತ್ತಿಗೆ ಇದನ್ನೇ ಓದತೊಡಗಿದೆ. ಕಂಪನಿಯ ಡಬ್ಬಿ ಎರಡು ಕೆಲಸ ಮಾಡುತ್ತದೆಯಂತೆ: ಫೈಬರಿನಲ್ಲಿ ಬರುವ ಬೆಳಕನ್ನು ಇಂಟರ್ನೆಟ್ ಆಗಿ ತಿರುಗಿಸುವುದು, ಅದನ್ನು ವೈಫೈ ಆಗಿ ಮನೆಯಲ್ಲೆಲ್ಲ ಹಂಚುವುದು. ನಮ್ಮ ಡಬ್ಬಿ ಸೋಲುತ್ತಿದ್ದದ್ದು ಹಂಚುವುದರಲ್ಲಿ. ಫೈಬರನ್ನೇ ಸಿಕ್ಕಿಸಬಹುದಾದ ರೂಟರ್ ತಂದು, ಅದರ ನಂಬರನ್ನು ಕಂಪನಿಗೆ ಕೊಟ್ಟು, ಅವರು ಕೊಡುವ ಲಾಗಿನ್ ಮತ್ತು ಪಾಸ್‌ವರ್ಡ್ ಅದರಲ್ಲಿ ಹಾಕಿದರೆ ಹಳೆಯ ಡಬ್ಬಿಯ ಹಂಗೇ ಇಲ್ಲ. ಕಂಪನಿಯ ಲೈನಿನವನಿಗೆ ಫೋನು ಮಾಡಿ ಕೇಳಿದೆ.

"ಹಾಕ್ಕೋರಿ, ನಾವೇನ ಬ್ಯಾಡ ಅನ್ನೂದುಲ್ಲ. ಆದ್ರ ಕೆಟ್ರ ನಮ್ಮನ್ನ ಕರೀಬ್ಯಾಡ್ರಿ" ಅಂದ.

ಬಾಗಲಕೋಟೆಗೆ ಹೋಗಿ ರೂಟರ್ ತಂದೆ. ತಮ್ಮನದಕ್ಕೆ ಎರಡು ಆಂಟೆನಾ, ನಾನು ಆರಿಸಿದ್ದಕ್ಕೆ ನಾಲ್ಕು. ಎಂಥ ಸಮಾಧಾನ! ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಾಗ ಅವ್ವನಿಗೆಂದು ಕರದಂಟನ್ನೂ ಕಟ್ಟಿಸಿಕೊಂಡೆ. ಅವಳ ಹಲ್ಲಿಗೆ ಆಗುವಂತೆ ಮೆತ್ತಗಿನದನ್ನೇ ಕೇಳಿ ತಂದೆ.

"ಇದರಾಗ ಬರೂದು ಗಾಜಿನ ಎಳಿಬೇ, ಕೂದಲಕ್ಕಿಂತ ಸಣ್ಣದು, ಅದರೊಳಗ ಬೆಳಕ ಹರೀತೈತಿ" ಎಂದು ಅವ್ವನಿಗೆ ತಿಳಿಸಿ ಹೇಳಿದೆ. ಅವಳು ಬಾಯಲ್ಲಿ ಕರದಂಟು ಇಟ್ಟುಕೊಂಡು ಬಹಳ ಗಮನವಿಟ್ಟು ಕೇಳಿದಳು. ಹಾಗೆ ಹೇಳಬಾರದಿತ್ತು ಎಂದು ಮರುದಿನ ಗೊತ್ತಾಯಿತು.

ಮರುದಿನ ಭಾನುವಾರ. ಹೊಸ ವಸ್ತು ಪೂಜೆಯಿಲ್ಲದೆ ಮನೆಯಲ್ಲಿ ಹಚ್ಚುವಂತಿಲ್ಲ. ನಾನು ಹಳೆಯ ಡಬ್ಬಿಯಿಂದ ಫೈಬರ್ ಬಿಚ್ಚಿಟ್ಟು, ಅಂಗಳದಲ್ಲಿ ನಿಂತು ಲೈನಿನವನಿಗೆ ಹೊಸ ನಂಬರ್ ಓದಿ ಹೇಳಿ ಬರುವಷ್ಟರಲ್ಲಿ ಅವ್ವ ರೂಟರನ್ನು ಮಣೆಯ ಮೇಲೆ ಕೂರಿಸಿ, ವಿಭೂತಿ ಎಳೆದು, ಕುಂಕುಮವಿಟ್ಟು, ಮಲ್ಲಿಗೆ ಏರಿಸಿ, ಕಾಯಿ ಒಡೆದು ಮುಗಿಸಿದ್ದಳು. ನಾಲ್ಕು ಆಂಟೆನಾಗಳ ನಡುವೆ ಹೂವು ಚೆಂದ ಕಾಣುತ್ತಿತ್ತು. ಕೈಮುಗಿದು ಫೈಬರ್ ಸಿಕ್ಕಿಸಿ ಬಟನ್ ಒತ್ತಿದೆ.

ಕೆಂಪು ದೀಪ. ಮಿಣುಕ್ ಮಿಣುಕ್ ಅನ್ನುತ್ತದೆ, ಹಸಿರಾಗುವುದಿಲ್ಲ. ಲಾಗಿನ್ ಮತ್ತೆ ಹಾಕಿದೆ, ನಂಬರ್ ಮತ್ತೆ ಹೇಳಿದೆ. ಲೈನಿನವ "ಮೊದ್ಲ ಹೇಳಿದ್ನಲ್ರಿ" ಎಂದು ಫೋನಿಟ್ಟ. ಹೋಗಲಿ ಎಂದು ಹಳೆಯ ಡಬ್ಬಿಗೇ ಸಿಕ್ಕಿಸಿದರೆ ಅದರಲ್ಲೂ ಕೆಂಪು. ಇದ್ದ ನೆಟ್ಟೂ ಹೋಯಿತು. ಗೋಡೆಯ ಆಚೆ ಹೋಗಿ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಸಂಜೆಯವರೆಗೆ ಹೆಣಗಿದೆ, ಕೇಳಲಿಲ್ಲ. ಕೊನೆಗೆ ಅವ್ವ ದೀಪ ಹಚ್ಚಿ, ಮೊಬೈಲು ಸೆರಗಿಗೆ ಸುತ್ತಿಕೊಂಡು, "ಪಾಪ, ಭಾಳ ಕಷ್ಟಪಟ್ಟಿ" ಎಂದು ಹೊರಟಳು. ಆ 'ಪಾಪ'ಕ್ಕಿಂತ ಎರಡು ಬೈದಿದ್ದರೆ ವಾಸಿಯಿತ್ತು.

ಸ್ವಲ್ಪ ಹೊತ್ತಿಗೆ ಅವ್ವ ತಿರುಗಿ ಬಂದಳು, ಅವಳ ಹಿಂದೆಯೇ ತಮ್ಮ ಬಂದ. ಫೈಬರ್ ಬಿಚ್ಚಿ ಅದರ ಹಸಿರು ತುದಿಯನ್ನು ಓರೆಯಾಗಿ ಹಿಡಿದು ನೋಡಿದ.

"ಇದಕ್ಕ ಏನ ಹಚ್ಚೀಯೋ ಅಣ್ಣಾ?"

"ನಾನೇನ ಹಚ್ಚಿಲ್ಲ."

"ನಾ ಹಚ್ಚೀನಿ" ಎಂದಳು ಅವ್ವ. "ಎಳಿಗೆ ವಿಭೂತಿ ಹಚ್ಚಲಾರದ ಬರೇ ಡಬ್ಬಿಗೆ ಹಚ್ಚಿದ್ರ ಅದೆಂಥಾ ಪೂಜಿ?"

ಅವಳ ಮಾತು ಅವಳ ಲೆಕ್ಕಕ್ಕೆ ಖರೆ. ಆಯುಷ್ಯವೆಲ್ಲ ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕುಣಿ ಮಗ್ಗದಲ್ಲಿ ಕುಳಿತು ಸೀರೆ ನೇಯ್ದವಳು. ಹೊಸ ನೂಲಿನ ಹಾಸು ಏರಿಸಿದಾಗ ಮಗ್ಗದ ಕಟ್ಟಿಗೆಗೆ ಮರೆತರೂ ನೂಲಿಗೆ ವಿಭೂತಿ ಮರೆಯುತ್ತಿರಲಿಲ್ಲ. ಇದೂ ಎಳೆಯೆಂದು ನಾನೇ ಹೇಳಿದ್ದೆ. ಅದರ ತುದಿಗೆ ಒಂದು ಕಣ ಧೂಳು ಕೂತರೂ ಬೆಳಕು ದಾಟುವುದಿಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ.

"ಇವನ ರೂಟರಿಗೆ ಹಚ್ಚಿದಾಗ ಏನೂ ಆಗಲಿಲ್ಲಲ್ಲ ಮತ್ತ?" ಎಂದು ನಾನು ತಮ್ಮನನ್ನು ತೋರಿಸಿ ಕೇಳಿದೆ.

"ನಂದಕ್ಕ ಅವ್ವ ಪೂಜಿನ ಮಾಡಿಲ್ಲ" ಎಂದ ತಮ್ಮ. ಹೂವು ಮುಡಿದ ನನ್ನ ರೂಟರನ್ನು ಒಂದು ಗಳಿಗೆ ನೋಡಿದ. ಆಮೇಲೆ ತನ್ನ ಮನೆಯಿಂದ ಸ್ಪಿರಿಟ್ಟು, ಕನ್ನಡಕ ಒರೆಸುವ ಅರಿವೆ ತಂದು ತುದಿಯನ್ನು ಮೆಲ್ಲಗೆ ಒರೆಸಿ ಸಿಕ್ಕಿಸಿದ. ದೀಪ ಹಸಿರಾಯಿತು. ನನ್ನ ಹೊಟ್ಟೆಯೊಳಗಿನದು ಇನ್ನೂ ಕೆಂಪಾಗಿಯೇ ಇತ್ತು. ಮಾಡಿ ಕೊಟ್ಟವನು ಮತ್ತೆ ಅವನೇ ಅಲ್ಲವೇ?

ಬಾಗಿಲವರೆಗೆ ಹೋದವನು ನಿಂತ.

"ಇನ್ನ ಅವ್ವ ಇಲ್ಲೇ ಮಾತಾಡ್ತಾಳ. ಒಂದ ಲೆಕ್ಕಕ್ಕ ಚಲೋನ ಆತು. ನಮ್ಮ ಮನ್ಯಾಗ ಕುಂತು ದಿನಾ ನಿಂದ ಸುದ್ದಿ. ಹಿರ್ಯಾಂವ ಹಿಂಗಂದ, ಹಿರ್ಯಾಂವ ಇದನ್ನ ತಂದ, ಹಿರ್ಯಾಂವ ಬಿಸಲಾಗ ಹುನಗುಂದಕ್ಕ ಅಡ್ಡಾಡಿ ಸೊರಗ್ಯಾನ. ಕೇಳಿ ಕೇಳಿ ಸಾಕಾಗಿತ್ತು. ನನ್ನ ಹೆಸರ ಒಂದ ದಿನಾನೂ ಬರಲಿಲ್ಲ." ನಕ್ಕು ಹೇಳಿದ, ಆದರೆ ಅದು ನಗುವ ಧ್ವನಿಯಾಗಿರಲಿಲ್ಲ.

ಗೋಡೆಯಾಚೆ ಅವ್ವ ನಗುತ್ತಿದ್ದದ್ದು ನನ್ನ ಸುದ್ದಿ ಹೇಳಿಯೇ? ನನ್ನ ಎದೆ ಎರಡು ಗೇಣು ಉಬ್ಬಿತು. ಅವನ ಮುಖ ಬಾಡಿದ್ದನ್ನು ನೋಡಿ ಇನ್ನಷ್ಟು ಉಬ್ಬಿತು. ಪೇಪರು ಹಿಡಿದು ಅವ್ವನ ಮಗ್ಗುಲಲ್ಲೇ ಕುಳಿತೆ. ಇನ್ನು ಎಲ್ಲವನ್ನೂ ನನ್ನ ಕಿವಿಯಾರೆ ಕೇಳಬಹುದು.

ಚಿಗವ್ವನ ನತ್ತು ಫಳಫಳ ಕಂಡಿತು. ಅವ್ವ ಶುರು ಮಾಡಿದಳು.

"ಸಣ್ಣಾಂವ ನೋಡು, ಕಣ್ಣ ಮುಚ್ಚಿ ತೆರಿಯೂದ್ರಾಗ ಮಾಡಿಕೊಟ್ಟ. ಕೈ ಭಾಳ ಚುರುಕ ಅವಂದು. ಆದ್ರ ಅಂಗಡಿ ಅಂಗಡಿ ಅಂತ ಹೊತ್ತಿಗೆ ಸರಿ ಉಣ್ಣೂದುಲ್ಲ. ಮೊನ್ನಿಂದ ಕೆಮ್ಮತಾನ, ಗ್ವಾಡಿ ಈ ಕಡಿ ಮಕ್ಕೊಂಡ್ರೂ ನನಗ ಕೇಳ್ತೈತಿ..."

ಅವನ ಕೆಮ್ಮು ಮುಗಿದು ಅವನ ಅಂಗಡಿ ಬಂತು, ಅಂಗಡಿ ಮುಗಿದು ಅವನು ಚಿಕ್ಕವನಿದ್ದಾಗ ಮಗ್ಗದ ಕುಣಿಯಲ್ಲಿ ಬಿದ್ದದ್ದು ಬಂತು. ಅವ್ವ ನಕ್ಕಳು, ಚಿಗವ್ವ ನಕ್ಕಳು. ಕೊನೆಗೆ ಚಿಗವ್ವನಿಗೇ ನೆನಪಾಯಿತು.

"ಹಿರ್ಯಾಂವ ಹೆಂಗದಾನ?"

"ಅವಗೇನಾಗೈತಿ? ಇಲ್ಲೇ ಕುಂತಾನ."

ಮರುದಿನವೂ ಹೀಗೆಯೇ ಆಯಿತು, ಅದರ ಮರುದಿನವೂ. ಕಣ್ಣೆದುರು ಇರುವವನ ಸುದ್ದಿ ಅವ್ವ ಯಾಕೆ ಹೇಳಿಯಾಳು? ಅದು ನನಗೆ ತಿಳಿಯುತ್ತದೆ. ತಿಳಿದರೂ ಉರಿಯುವುದು ನಿಲ್ಲುವುದಿಲ್ಲ.

ಮೊನ್ನೆ ಬೆಳಿಗ್ಗೆ ನಳದ ಹತ್ತಿರ ತಮ್ಮ ಸಿಕ್ಕ. ಬಾಯಲ್ಲಿ ಬ್ರಷ್ಷು. ಹೋಗುವವನಂತೆ ಮಾಡಿ ನಿಂತ.

"ಅಣ್ಣಾ, ಅವ್ವ ಫೋನಿನ್ಯಾಗ ನನ್ನ ಸುದ್ದಿ ಏನರ ತಗೀತಾಳೇನು?"

"ಇಲ್ಲಪಾ" ಅಂದೆ. "ಬರೇ ಚಿಗವ್ವನ ಮಣಕಾಲ ನೋವಿನ ಸುದ್ದಿ."

"ಹೌದೇನು" ಎಂದು ಬಾಯಿ ಮುಕ್ಕಳಿಸಿ, ಕೆಮ್ಮುತ್ತಾ ಒಳಗೆ ಹೋದ. ಅವನಿಗೆ ಇನ್ನೂ ಹೇಳಿಲ್ಲ. ಇಷ್ಟು ದಿನ ಸಂಜೆ ಸಂಜೆ ನನ್ನ ಸುದ್ದಿಯನ್ನೆಲ್ಲ ಒಬ್ಬನೇ ಕೇಳಿದವನು ಅವನು, ಅವನ ಸುದ್ದಿ ಸ್ವಲ್ಪ ದಿನ ನನ್ನ ಹತ್ತಿರವೇ ಇರಲಿ.