ಕೆನ್ನೆಗೆ ಹಚ್ಚಿದ ಅರಿಶಿನ

ನನ್ನ ಎರಡೂ ಕೆನ್ನೆಗಳ ಮೇಲೆ ಬಂಗು ಇತ್ತು. ಬಸುರಿನಲ್ಲಿ ಕಾಣಿಸಿಕೊಂಡ ಕಂದು ಕಲೆ ವಿಶಾಖಪಟ್ಟಣದ ಬಿಸಿಲಿಗೆ ಇನ್ನಷ್ಟು ಕಪ್ಪಾಗಿತ್ತು. ಬ್ಯಾಂಕಿನಲ್ಲಿ ಯಾರಾದರೂ ದಿಟ್ಟಿಸಿದರೆ ನಾನೂ ತಿರುಗಿ ದಿಟ್ಟಿಸುತ್ತಿದ್ದೆ, ನಾನೇನು ಕಡಿಮೆಯವಳಲ್ಲ. ಆದರೆ ಐದು ವರ್ಷದ ಮಗಳು ಒಂದು ದಿನ ಎಂಜಲು ಬೆರಳಿನಿಂದ ನನ್ನ ಕೆನ್ನೆ ಉಜ್ಜಿ, "ಅಮ್ಮ, ಕೊಳೆ ಹೋಗ್ತಾನೇ ಇಲ್ಲ" ಅಂದಳು. ಅವಳೆದುರು ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ವಿಜಯವಾಡಕ್ಕೆ ವರ್ಗವಾದಾಗ, ಹೊಸ ಶಾಖೆಗೆ ಹೊಸ ಮುಖದಲ್ಲೇ ಹೋಗೋಣವೆಂದು ದ್ವಾರಕಾ ನಗರದ ಒಂದು ಚರ್ಮದ ಕ್ಲಿನಿಕ್ಕಿನಲ್ಲಿ ಕೆಮಿಕಲ್ ಪೀಲ್ ಮಾಡಿಸಿಕೊಂಡೆ. ಡಾಕ್ಟರು ಬ್ರಷ್ಷಿನಿಂದ ಆಸಿಡ್ ಬಳಿದರು. ಉರಿ ಇಳಿಯುವವರೆಗೂ ಕುರ್ಚಿಯ ಕೈ ಹಿಡಿದು ಮನೆದೇವರನ್ನು ನೆನೆದೆ. ಹಳೆಯ ಚರ್ಮ ತಾನಾಗಿ ಸುಲಿದು ಬೀಳುತ್ತದೆ, ಕೀಳಬಾರದು, ಬಿಸಿಲು ತಾಗಬಾರದು, ಕೊಟ್ಟ ಮುಲಾಮು ಬಿಟ್ಟು ಇನ್ನೇನೂ ಹಚ್ಚಬಾರದು, ತಪ್ಪಿದರೆ ಮೊದಲಿಗಿಂತ ಕಪ್ಪು ಕಲೆ ಉಳಿಯಬಹುದು ಎಂದರು. ಆ ಕೊನೆಯ ಮಾತು ರೈಲಿನುದ್ದಕ್ಕೂ ನನ್ನನ್ನು ಕೊರೆಯುತ್ತಿತ್ತು. ದುಪಟ್ಟಾದಿಂದ ಮುಖ ಮುಚ್ಚಿ, ಕಿಟಕಿಯ ಪರದೆ ಎಳೆದು ಕೂತಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಛೇಡಿಸಿ ನನ್ನ ಗಂಡ ನಿದ್ದೆಹೋದರು.

ವಿಜಯವಾಡ ಸೇರಿದ ಮೇಲೆ ಬಾಯಿಯ ಸುತ್ತ ಸಿಪ್ಪೆ ಏಳತೊಡಗಿತು. ಕನ್ನಡಿ ನೋಡಲೂ ಭಯ, ನೋಡದಿರಲೂ ಭಯ. ಅಷ್ಟರಲ್ಲಿ ಶ್ರಾವಣ ಶುಕ್ರವಾರ ಬಂತು. ಕೆಳಗಿನ ಮನೆಯಲ್ಲಿದ್ದ ಓನರಮ್ಮ ವ್ರತದ ತಾಂಬೂಲಕ್ಕೆ ಕರೆದರು. ಕುಂಕುಮಕ್ಕೆ ಕರೆದರೆ ಒಲ್ಲೆ ಎನ್ನಬಾರದೆಂದು ಅಮ್ಮ ಕಲಿಸಿದ್ದಳು. ಮಗಳನ್ನು ಕರೆದುಕೊಂಡು ಹೋದೆ.

ಅಲ್ಲಿಯ ಪದ್ಧತಿಯಂತೆ ಆಕೆ ಬಗ್ಗಿ ನನ್ನ ಪಾದಕ್ಕೆ ಅರಿಶಿನ ಹಚ್ಚಿದರು. ಆಮೇಲೆ ಕುಂಕುಮ ಇಟ್ಟುಕೊಳ್ಳಲೆಂದು ಅರಿಶಿನ-ಕುಂಕುಮದ ಬಟ್ಟಲು ಮುಂದೆ ಹಿಡಿದರು. ನಮ್ಮ ಕಡೆ ಅರಿಶಿನ ಮೊದಲು ಕೆನ್ನೆಗೆ, ಆಮೇಲೆ ತಾಳಿಗೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ, ನನ್ನ ಕೈ ನನ್ನನ್ನು ಕೇಳದೆಯೇ ಬಟ್ಟಲಿಗೆ ಹೋಗಿ, ಎರಡೂ ಕೆನ್ನೆಗೆ ಅರಿಶಿನ ಸವರಿಬಿಟ್ಟಿತು.

ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಯಿತು. ಬೆರಳಿಗೆ ಚರ್ಮ ಅಂಟಿಕೊಂಡು ಬಂತು. ಮುತ್ತೈದೆ ಹಚ್ಚಿಕೊಂಡ ಅರಿಶಿನವನ್ನು ವ್ರತದ ಮನೆಯಲ್ಲೇ ತೊಳೆಯುವುದು ಹೇಗೆ? ಕೂತೇ ಇದ್ದೆ. ಉರಿಗಿಂತ ಹೆಚ್ಚಾಗಿ ಹೆದರಿಕೆಗೇ ಕಣ್ಣೀರು ಇಳಿಯಿತು.

"ಏಮೈಂದಮ್ಮಾ?" ಏನಾಯಿತೆಂದು ಓನರಮ್ಮ ಕೇಳಿದರು. ನನ್ನ ಹರಕುಮುರುಕು ತೆಲುಗಿನಲ್ಲಿ ಎಲ್ಲ ಹೇಳಿದೆ. ಆಕೆ ನನ್ನನ್ನು ಹಿತ್ತಲ ನಲ್ಲಿಯ ಹತ್ತಿರ ಎಳೆದೊಯ್ದು, ಚೊಂಬಿನಿಂದ ಕೆನ್ನೆಗೆ ತಣ್ಣೀರು ಹೊಯ್ದರು. ಹಳದಿ ನೀರಿನ ಜೊತೆ ಚರ್ಮವೂ ಚೂರುಚೂರಾಗಿ ಹೋಯಿತು.

ಅಲ್ಲಿ ಕನ್ನಡಿ ಇರಲಿಲ್ಲ. ಮುಖ ಏನಾಗಿದೆಯೆಂದು ತಿಳಿಯಲು ಮಗಳ ಕಡೆ ತಿರುಗಿದೆ. ಅವಳು ಹಿಂದಕ್ಕೆ ಸರಿದು ಓನರಮ್ಮನ ಸೀರೆ ಹಿಡಿದುಕೊಂಡಳು.

"ಬಾ ಪುಟ್ಟಿ, ನಾನೇ ಕಣೇ" ಅಂದೆ.

ಅವಳು ಬರಲಿಲ್ಲ.