ಫಾಲ್ಗುಣದಲ್ಲಿ ಮುಂಬಯಿ ನೋಡಲು ಬಂದೆ

ಸಮುದ್ರ ತೋರಿಸುತ್ತೇನೆಂದು ನನ್ನನ್ನು ಕರೆದುಕೊಂಡು ಹೋದ ಸಂಜೆ ಅಲ್ಲಿ ಸಮುದ್ರವೇ ಇರಲಿಲ್ಲ.

ಮಾಹಿಮ್‌ನಲ್ಲಿ ಬಸ್ಸಿಳಿದು, ತೆಂಗಿನ ಮರಗಳ ಸಾಲು ದಾಟಿ ಬಂದರೆ ಕಣ್ಣೆದುರಿಗೆ ಬರೀ ಕೆಸರು. ಕಪ್ಪು ಬಂಡೆಗಳು ನೀರು ಕುಡಿದು ಮಲಗಿದ ಎಮ್ಮೆಗಳ ಹಾಗೆ ಬಿದ್ದುಕೊಂಡಿದ್ದವು. ಎರಡು ದೋಣಿಗಳು ಮಗ್ಗುಲಿಗೆ ವಾಲಿ ರಾಡಿಯಲ್ಲಿ ಸಿಕ್ಕಿದ್ದವು. ಕಚ್ಚೆ ಹಾಕಿದ ಹೆಂಗಸರು ಬುಟ್ಟಿ ಹಿಡಿದು ಆ ರಾಡಿಯಲ್ಲಿ ಬಗ್ಗಿ ಚಿಪ್ಪು ಆರಿಸುತ್ತಿದ್ದರು. ಬಹಳ ದೂರದಲ್ಲಿ, ಆಕಾಶ ನೆಲಕ್ಕೆ ತಾಗುವ ಕಡೆ, ಸುಣ್ಣದಿಂದ ಎಳೆದ ಹಾಗೆ ಒಂದು ಗೆರೆ ಕಾಣುತ್ತಿತ್ತು.

"ಸಮುದ್ರ ಎಲ್ಲೈತ್ರಿ?" ಎಂದು ಕೇಳಿದೆ.

ನಮ್ಮ ಮನೆಯವರು ಗಲಿಬಿಲಿಗೊಂಡು ಅತ್ತಿತ್ತ ನೋಡಿದರು. "ಹೋದ ಐತಾರ ಇಲ್ಲೇ ಇತ್ತು. ಈ ಗ್ವಾಡಿತನಕಾ ಬಂದಿತ್ತು. ಒಮ್ಮೊಮ್ಮೆ ಹಿಂದಕ್ಕ ಸರೀತೈತಿ. ಯಾವಾಗ ಸರೀತೈತಿ ಅಂತ ನನಗೂ ಗೊತ್ತಿಲ್ಲ."

ನಾನು ವಿಜಾಪುರದ ಕಡೆಯವಳು. ನಮ್ಮಲ್ಲಿ ಒಂದು ಬಾವಿ ಬತ್ತಬೇಕಾದರೆ ತಿಂಗಳುಗಟ್ಟಲೆ ಬೇಕು, ಊರೆಲ್ಲ ದಿನಾ ಇಣುಕಿ ನೋಡಿ ಮರುಗುತ್ತದೆ. ಇಲ್ಲಿ ಇಡೀ ಸಮುದ್ರ ಎದ್ದು ಹೋಗಿದೆ, ಯಾರೂ ತಿರುಗಿಯೂ ನೋಡುತ್ತಿಲ್ಲ. ಕಡಲೆ ಮಾರುವವನು ಮಾರುತ್ತಿದ್ದಾನೆ, ಮುದುಕರು ಕಟ್ಟೆಯ ಮೇಲೆ ಕುಳಿತು ಹರಟುತ್ತಿದ್ದಾರೆ. ಇಷ್ಟು ನೀರನ್ನು ಕಳೆದುಕೊಂಡೂ ಸುಮ್ಮನಿರಬಲ್ಲ ಈ ಊರು ಎಂಥದ್ದು ಅಂದುಕೊಂಡೆ.

ನಾನು ಅಲ್ಲಿಗೆ ಬಂದದ್ದೇಕೆಂದು ಹೇಳಬೇಕು. ಮದುವೆಯಾದ ಹೊಸದರಲ್ಲೇ ಇವರು ಮುಂಬಯಿಗೆ ಬಂದು ಫೋರ್ಟಿನ ಒಂದು ಕಂಪನಿಯಲ್ಲಿ ಗುಮಾಸ್ತರಾಗಿದ್ದರು. ನಾನು ಅತ್ತೆ ಮಾವಂದಿರ ಜೊತೆ ಊರಲ್ಲಿದ್ದೆ. ಎರಡು ವರ್ಷ ಹಾಗೇ ನಡೆಯಿತು. ಆಮೇಲೆ ಊರಿನ ಶಾಲೆಯಲ್ಲಿ ಮಾಸ್ತರಿಕೆಯ ಜಾಗ ಖಾಲಿಯಾಯಿತು. ಮಾವ ಶಾಲೆಯ ಪಂಚರ ಹತ್ತಿರ ಮಾತಾಡಿ ಬಂದವರೇ ನನ್ನನ್ನು ಕರೆದು ಹೇಳಿದರು: "ಅವಗ ಮುಂಬಯಿ ಹುಚ್ಚು ಹಿಡದೈತಿ. ನಾ ಹೇಳಿದರ ಕೇಳಾಂಗಿಲ್ಲ. ನೀನ ಒಮ್ಮೆ ಹೋಗಿ ನೋಡಿ ಬಾ. ನಿನಗ ಒಗ್ಗತೈತಿ ಅಂದರ ಅಲ್ಲೇ ಸಂಸಾರ ಹೂಡ್ರಿ. ಇಲ್ಲಂದರ ಅವನ್ನ ಕರಕೊಂಡು ಬಾ. ಯುಗಾದಿ ಒಳಗ ನಂಗ ಹೇಳಬೇಕು."

ಹೀಗೆ ಇಬ್ಬರ ಬಾಳು ನನ್ನ ನಾಲಿಗೆಯ ಮೇಲೆ ಬಂದು ನಿಂತಿತು. ನಾನು ದೀಪಾವಳಿಗೇ ಬರುತ್ತೇನೆಂದಿದ್ದೆ. ಇವರು ಒಪ್ಪಲಿಲ್ಲ. ಮಾಘ ಕಳೆಯಲಿ, ಚೈತ್ರದ ಬೆವರು ಶುರುವಾಗುವ ಮುಂಚೆ, ಫಾಲ್ಗುಣದಲ್ಲೇ ಬಾ ಎಂದು ಹಟ ಹಿಡಿದರು. ಆಗ ಗಾಳಿ ತಂಪು, ಮಾವು ಪೇಟೆಗೆ ಬರತೊಡಗಿರುತ್ತದೆ, ಹೋಳಿಯ ಸಡಗರ ಇರುತ್ತದೆ ಎಂದೆಲ್ಲ ಬಣ್ಣಿಸಿದರು. ನಮ್ಮ ಕಡೆ ಅದು ಬಿಳಿಜೋಳದ ಸುಗ್ಗಿಯ ಹೊತ್ತು. ಕಣದ ಕೆಲಸ ಬಿಟ್ಟು ಯಾರು ಊರು ನೋಡಲು ಹೋಗುತ್ತಾರೆ? ಆದರೂ ಹೊರಟೆ. ಸೋಲಾಪುರದಲ್ಲಿ ಗಾಡಿ ಬದಲಿಸಿ, ದಾದರಿನಲ್ಲಿ ಇಳಿದಾಗ ಹೋಳಿ ಹುಣ್ಣಿಮೆಗೆ ಎರಡು ದಿನ ಉಳಿದಿತ್ತು. ಆ ಸಂಜೆಯೇ ಮಾಹಿಮ್‌ನ ಆ ಪ್ರಸಂಗ ನಡೆದದ್ದು.

ಸಮುದ್ರ ಕೈಕೊಟ್ಟರೂ ಊರು ಕೈಕೊಡಲಿಲ್ಲ. ದಾದರಿನ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದೆ. ಒಂದು ಲೋಕಲ್ ಹೊರಡುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಹೊಗೆಯಿಲ್ಲ, ಬೆಂಕಿಯಿಲ್ಲ, ಮೇಲಿನ ತಂತಿ ಹಿಡಿದು ಓಡುವ ಗಾಡಿಗಳು. ಅವುಗಳ ಹೊಟ್ಟೆಯಿಂದ ಜನ ಸುರಿಯುತ್ತಿದ್ದರು, ಮತ್ತೆ ಅಷ್ಟೇ ಜನ ಒಳಗೆ ತುಂಬಿಕೊಳ್ಳುತ್ತಿದ್ದರು. ನಮ್ಮೂರಿನಲ್ಲಿ ಅಷ್ಟು ಮಂದಿಯನ್ನು ಒಟ್ಟಿಗೆ ನಾನು ನೋಡಿರಲಿಲ್ಲ. ಹೆಂಗಸರಿಗೇ ಬೇರೆ ಡಬ್ಬಿ. ಅದರಲ್ಲಿ ಕುಳಿತ ಒಬ್ಬಾಕೆ ಕೈಯಲ್ಲಿ ಪುಸ್ತಕ ಹಿಡಿದು, ಇಷ್ಟು ಗದ್ದಲದ ನಡುವೆ ತನ್ನ ಕೋಣೆಯಲ್ಲಿ ಒಬ್ಬಳೇ ಇದ್ದಂತೆ ಓದುತ್ತಿದ್ದಳು. ಅವಳನ್ನು ಹೊತ್ತ ಗಾಡಿ ಹೋದ ಮೇಲೂ ನಾನು ಆ ಕಡೆಗೇ ನೋಡುತ್ತ ನಿಂತಿದ್ದೆ.

ಇವರ ಕೋಣೆ ಇದ್ದದ್ದು ಸಯನ್‌ನ ಒಂದು ಚಾಳದ ಕೆಳಗಿನ ಅಂತಸ್ತಿನಲ್ಲಿ. ಚಾಳವೆಂದರೆ ಒಂದೇ ಉದ್ದನೆಯ ಮೊಗಸಾಲೆಗೆ ಬಾಗಿಲು ತೆರೆಯುವ ಒಂದೊಂದೇ ಕೋಣೆಯ ಮನೆಗಳ ಸಾಲು. ನಾನು ಬರುತ್ತೇನೆಂದು ಇವರು ಗೋಡೆಗೆ ಸುಣ್ಣ ಬಳಿಸಿ, ಕೆಳಗಿನ ಭಾಗಕ್ಕೆ ಹೂವಿನ ಚಿತ್ತಾರದ ಪರದೆಯ ಬಟ್ಟೆ ಹೊಡೆಸಿದ್ದರು. ಅದನ್ನು ಕಂಡು ಎಷ್ಟು ಅಕ್ಕರೆಯ ಮನುಷ್ಯ ಅಂದುಕೊಂಡೆ.

ಮರುದಿನ ರಜೆ ಹಾಕಿ ನನ್ನನ್ನು ಸಯನ್‌ನ ಗುಡ್ಡ ಹತ್ತಿಸಿದರು. ಮೇಲೆ ಹಳೆಯ ಕೋಟೆಯ ಮುರುಕು ಗೋಡೆ. ಅಲ್ಲಿ ನಿಂತು ಮೂಡಣಕ್ಕೆ ಕೈ ಚಾಚಿ, "ಅಲ್ನೋಡು" ಅಂದರು.

ನೆಲವನ್ನು ಹೊಲದಂತೆಯೇ ಬದು ಹಾಕಿ ಮಡಿ ಮಾಡಿದ್ದರು. ಆದರೆ ಮಡಿಗಳಲ್ಲಿ ಬೆಳೆಯಿರಲಿಲ್ಲ, ಆಕಾಶವಿತ್ತು. ಒಂದೊಂದು ಮಡಿಯೂ ಒಂದೊಂದು ಕನ್ನಡಿ. ಬದುಗಳ ಮೇಲೆ ಬೆಳ್ಳಗೆ ಹೊಳೆಯುವ ಗುಡ್ಡೆಗಳು.

"ಜ್ವಾಳದ ರಾಶಿ?" ಎಂದು ಕೇಳಿಯೇಬಿಟ್ಟೆ.

"ಉಪ್ಪು! ಇಲ್ಲಿ ಮೀಠಾಗರ ಅಂತಾರ. ಸಮುದ್ರದ ನೀರು ಒಳಗ ಬಿಟ್ಟು ಬಿಸಲಿಗೆ ಒಣಗಸ್ತಾರ. ಮಳಿಗಾಲದಾಗ ಏನೂ ಇರಂಗಿಲ್ಲ. ಈಗ ಸುಗ್ಗಿ."

ಗುಡ್ಡ ಇಳಿದು ಮಡಿಗಳ ಅಂಚಿನವರೆಗೆ ನಡೆದೆವು. ಜನ ಉದ್ದ ಹಿಡಿಯ ಹಲಗೆಯಿಂದ ಉಪ್ಪನ್ನು ಎಳೆದು ಬದುವಿಗೆ ಹಾಕುತ್ತಿದ್ದರು. ಕಣದಲ್ಲಿ ಕಾಳು ಒಟ್ಟುವಾಗ ಬೆನ್ನು ಬಗ್ಗುವ ರೀತಿಯೇ, ಮಧ್ಯೆ ಮಧ್ಯೆ ಸೊಂಟಕ್ಕೆ ಕೈಯಿಟ್ಟು ನಿಲ್ಲುವ ರೀತಿಯೇ. ಒಂದು ಹರಳು ಬಾಯಿಗೆ ಹಾಕಿಕೊಂಡೆ. ಬಿಸಿಲಿನ ಬಿಸಿ ಅದರಲ್ಲಿನ್ನೂ ಇತ್ತು. ನಾನು ಹುಟ್ಟಿದಂದಿನಿಂದ ತಿಂದ ಉಪ್ಪು ಎಲ್ಲೋ ಒಬ್ಬರ ಸುಗ್ಗಿಯಾಗಿತ್ತು ಎಂಬುದು ಅಂದಿನವರೆಗೆ ಹೊಳೆದೇ ಇರಲಿಲ್ಲ. ನೆಲ ಉಳುವವರ ಮಗಳಾದ ನನಗೆ, ನೀರನ್ನು ಉಳುವ ಆ ಜನರಿಗೆ ಕೈಮುಗಿಯಬೇಕೆನಿಸಿತು.

"ಹ್ಯಾಂಗನಸ್ತು ಮುಂಬಯಿ?" ಎಂದು ಇವರು ದಾರಿಯುದ್ದಕ್ಕೂ ಕೇಳುತ್ತಿದ್ದರು. ಚಲೋ ಅನಿಸಿತು ಅಂದೆ. ಸುಳ್ಳಾಗಿರಲಿಲ್ಲ.

ಮಾರನೇ ದಿನ ನಸುಕಿನಲ್ಲಿ ಎಚ್ಚರವಾಯಿತು. ಹೊರಗೆ ಕೊಡಗಳ ಸದ್ದು, ಹೆಂಗಸರ ಜಗಳ. ಬಾಗಿಲು ತೆರೆದು ನೋಡಿದರೆ ಚಾಳಕ್ಕೆಲ್ಲ ಇರುವ ಒಂದೇ ನಲ್ಲಿಯ ಮುಂದೆ ಉದ್ದನೆಯ ಸಾಲು. ಅದರಲ್ಲಿ ಪಕ್ಕದ ಕೋಣೆಯ ಜಲಜಕ್ಕ ನಿಂತಿದ್ದರು. ಅವರು ಉಡುಪಿಯ ಕಡೆಯವರು, ಗಂಡ ಮಾಟುಂಗದ ಹೋಟೆಲೊಂದರಲ್ಲಿ ಅಡುಗೆಯವರು. ಅವರ ಕಾಲ ಬಳಿ ಇದ್ದ ಕೊಡಗಳಲ್ಲಿ ಎರಡು ನಮ್ಮವು.

ಓಡಿಹೋಗಿ ಕೊಡಕ್ಕೆ ಕೈಹಾಕಿದೆ. "ನಮ್ಮ ನೀರು ನೀವ್ಯಾಕ ತುಂಬಾಕತ್ತೀರಿ?"

ಜಲಜಕ್ಕ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ನೀವು ಎದ್ದದ್ದು ಎಂತಕ್ಕೆ ಮಾರಾಯ್ತಿ? ನಿಮ್ಮ ಯಜಮಾನರು ಹೇಳಿದ್ದು, ನೀವು ಇರುವಷ್ಟು ದಿನ ನಾನೇ ತುಂಬಿಸಿ ಇಡಬೇಕು, ನಿಮಗೆ ಗೊತ್ತಾಗ್ಬಾರ್ದು ಅಂತ. ಪಾಪ, ನಿಮಗೆ ಊರು ಮನಸ್ಸಿಗೆ ಹಿಡಿಯಲಿ ಅಂತ ಅಷ್ಟೇ."

ಸಾಲಿನಲ್ಲಿ ನಾನೇ ನಿಂತೆ. ನಿಂತಷ್ಟು ಹೊತ್ತೂ ಒಂದೇ ಯೋಚನೆ: ಇನ್ನೇನೇನು ಮುಚ್ಚಿದ್ದಾರೆ? ಕೋಣೆಗೆ ಬಂದು ಕೊಡ ಇಳಿಸಿದವಳೇ ಗೋಡೆಯ ಪರದೆಯ ಬಟ್ಟೆಯನ್ನು ಎತ್ತಿದೆ. ಸುಣ್ಣದ ಮೇಲೂ ಎದ್ದು ಕಾಣುವ ಕಂದು ಗೆರೆಯೊಂದು ನನ್ನ ಮೊಣಕಾಲಿನ ಎತ್ತರಕ್ಕೆ ಗೋಡೆಯುದ್ದಕ್ಕೂ ಓಡಿತ್ತು. ಅದರ ಕೆಳಗೆ ಗಾರೆ ಹೊಪ್ಪಳೆಯೆದ್ದಿತ್ತು.

ಇವರು ಹಾಸಿಗೆಯ ಮೇಲೆ ಎದ್ದು ಕುಳಿತಿದ್ದರು.

"ಇಷ್ಟು ನೀರು ಒಳಗ ಬರತೈತೇನು?"

"ಆಷಾಢದಾಗ."

"ಅದಕ್ಕ ನನ್ನ ಫಾಲ್ಗುಣದಾಗ ಕರಿಸಿದಿರಿ."

ಅವರು ತಲೆ ತಗ್ಗಿಸಿದರು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು. ಹಸುಗೂಸಿಗೆ ಗಿಲಕಿ ತೋರಿಸಿದ ಹಾಗೆ ನನಗೆ ಊರು ತೋರಿಸಿದ್ದರು. "ಮಾವ ಕೇಳಿದರ ನಾ ಹೇಳಬೇಕು. ಎಲ್ಲಾ ಖರೇ ಹೇಳ್ರಿ. ಕೇಳಿದ ಮ್ಯಾಲೆ ನಾ ವಿಚಾರ ಮಾಡತೇನಿ," ಅಂದೆ.

ಹೇಳಿದರು. ಮಳೆಗಾಲದಲ್ಲಿ ಒದ್ದೆ ಬಟ್ಟೆಗೆ ಬೂಷ್ಟು ಹಿಡಿಯುವುದು, ವೈಶಾಖದಲ್ಲಿ ನಲ್ಲಿ ಗೊರಕೆ ಹೊಡೆದು ನಿಲ್ಲುವುದು, ಜ್ವರ ಬಂದಾಗ ಮೂರು ದಿನ ಯಾರೂ ಬಾಗಿಲು ತಟ್ಟದೆ ಇದ್ದದ್ದು. ಆಗಿನ್ನೂ ಜಲಜಕ್ಕ ಆ ಚಾಳಕ್ಕೆ ಬಂದಿರಲಿಲ್ಲವಂತೆ. ಕೊನೆಗೆ ತಡೆದು ತಡೆದು ಅಂದರು: "ಇಷ್ಟಿದ್ರೂ ಈ ಊರು ಬಿಟ್ಟು ಹೋಗು ಅಂದರ ನಂಗ ಆಗವಲ್ದು. ಯಾಕ ಅಂತ ಹೇಳಾಕ ಬರಂಗಿಲ್ಲ. ನೀ ಬಾ ಅಂದರ ಬರತೇನಿ."

ಒಲೆ ಹೊತ್ತಿಸಿದೆ. ಅಷ್ಟರಲ್ಲಿ ಜಲಜಕ್ಕ ತೆಂಗಿನಕಾಯಿಯ ತುರಿ ತಂದುಕೊಡುವ ನೆವದಲ್ಲಿ ಒಳಗೆ ಬಂದರು. ತನ್ನಿಂದ ಗುಟ್ಟು ಹೊರಬಿತ್ತೆಂದು ಅವರಿಗೆ ಕಸಿವಿಸಿ. ಮಾತು ಬದಲಿಸಲು, "ಸಮುದ್ರ ಚಂದ ಉಂಟಲ್ಲ?" ಎಂದು ಕೇಳಿದರು.

"ಇರಲೇ ಇಲ್ಲರಿ," ಅಂದೆ.

ಅವರು ಬಿದ್ದು ಬಿದ್ದು ನಕ್ಕರು. "ಸಂಜೆ ಹೊತ್ತು ಹೋದದ್ದಾ? ಹುಣ್ಣಿಮೆ ಹತ್ತಿರ ಸಂಜೆಗೆ ಹೋದ್ರೆ ಇಳಿತ ಅಲ್ವಾ! ಇವತ್ತು ಹುಣ್ಣಿಮೆ. ಮಧ್ಯಾಹ್ನ ನೆತ್ತಿಗೆ ಸೂರ್ಯ ಬರುವಾಗ ಹೋಗಿ. ದೊಡ್ಡ ಉಬ್ಬರ ಇರ್ತದೆ."

ಹೋದೆವು. ಉರಿ ಬಿಸಿಲಿನಲ್ಲಿ, ಬೀದಿ ಬೀದಿಗಳಲ್ಲಿ ಹೋಳಿಯ ಕಟ್ಟಿಗೆ ಒಟ್ಟುವವರ ನಡುವೆ. ಬಸ್ಸಿಳಿದು ತೆಂಗಿನ ಸಾಲು ತಲುಪುವ ಮೊದಲೇ ಸದ್ದು ಕೇಳಿತು. ನೂರು ಕಣಗಳಲ್ಲಿ ಒಟ್ಟಿಗೆ ಜೋಳ ತೂರಿದ ಹಾಗೆ.

ಕೆಸರಿರಲಿಲ್ಲ, ಬಂಡೆಗಳಿರಲಿಲ್ಲ. ವಾಲಿ ಬಿದ್ದಿದ್ದ ದೋಣಿಗಳು ನೆಟ್ಟಗೆ ನಿಂತು ತೂಗುತ್ತಿದ್ದವು. ಗೋಡೆಯ ಅಂಚಿನವರೆಗೂ ನೀರು ತುಂಬಿ, ಒಂದೊಂದು ತೆರೆಗೂ ಹೊರಗೆ ಚೆಲ್ಲುತ್ತಿತ್ತು. ನಾನು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಎದುರಿಗೆ ನೋಡಿದೆ. ಎಲ್ಲಿಯೂ ಆಚೆ ದಡವಿಲ್ಲ. ಕಣ್ಣು ಹೋದಷ್ಟೂ ದೂರ ಹೋಗಿ, ನಿಲ್ಲಲು ಒಂದು ಗಿಡವನ್ನೂ ಕಾಣದೆ, ಹಾಗೇ ಮುಂದೆ ಹೋಗುತ್ತಿತ್ತು. ಒಂದು ಅಲೆ ಬಂದು ನನ್ನ ಮುಖ ತೊಯ್ಯಿಸಿತು. ನಮ್ಮವ್ವ ಒಂದು ಕೊಡ ನೀರಿಗೆ ನಡೆದ ದಾರಿ ನೆನಪಾಯಿತು. ಅಳುತ್ತಿದ್ದೇನೋ ನಗುತ್ತಿದ್ದೇನೋ ನನಗೇ ತಿಳಿಯಲಿಲ್ಲ. ಉಪ್ಪುನೀರು, ಯಾವುದು ಯಾರದೆಂದು ಹೇಳುವಂತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಇವರ ಕಡೆ ತಿರುಗಿದೆ. "ಮಾವಗ ಬರೀರಿ. ಮಾಸ್ತರಿಕಿ ಬ್ಯಾರೆಯವರಿಗೆ ಕೊಡ್ಲಿ ಅನ್ರಿ."

"ಆಷಾಢ?" ಅಂದರು.

"ಮಂಚದ ಕಾಲು ಎತ್ತರ ಮಾಡಸ್ರಿ."

ಸಮುದ್ರ ನೋಡಿ ಮರುಳಾಗಿ ಉಳಿದಳೆಂದು ಊರಿನಲ್ಲಿ ಇಂದಿಗೂ ನಗುತ್ತಾರೆ. ನಿಜಕ್ಕೂ ನಾನು ಉಳಿದದ್ದು ಯಾವುದರಿಂದ ಎಂದು ಈಗಲೂ ಗೊತ್ತಿಲ್ಲ. ಆ ಬೆಳಿಗ್ಗೆ ಇವರು ಮುಚ್ಚುಮರೆಯಿಲ್ಲದೆ ಮಾತಾಡದೇ ಇದ್ದಿದ್ದರೆ, ಆ ಮಧ್ಯಾಹ್ನದ ನೀರು ಎಷ್ಟೇ ಉಕ್ಕಿದ್ದರೂ ನಾನು ಗಾಡಿ ಹತ್ತುತ್ತಿದ್ದೆನೇನೋ.

ಮಳೆಗಾಲ ಬಂತು, ಹೇಳಿದ್ದಕ್ಕಿಂತ ಜೋರಾಗಿಯೇ ಬಂತು. ಮಂಚದ ಮೇಲೆ ಒಲೆಯಿಟ್ಟು ಅನ್ನ ಮಾಡಿದೆ. ಒಳ್ಳೆಯ ಜೋಳ ಸಿಗದೆ, ಸಿಕ್ಕ ಹಿಟ್ಟಿನಲ್ಲಿ ತಟ್ಟಿದ ರೊಟ್ಟಿ ಒಡೆದು ಒಡೆದು ಅತ್ತುಬಿಟ್ಟೆ. ಊಟ ಆಯಿತೇ ಎಂದು ಕೇಳುವವರಿಲ್ಲದ ಮಧ್ಯಾಹ್ನಗಳಲ್ಲಿ ಜಲಜಕ್ಕನ ಬಾಗಿಲಿಗೆ ಹೋಗಿ ಕುಳಿತೆ. ಅವರ ಮಾತಿನ ನಡುವೆ ಬರುವ ತುಳು ನನಗೆ ತಿಳಿಯದು, ನನ್ನ ಮಾತು ಅವರಿಗೆ ಅರ್ಧ ತಿಳಿಯದು, ಇಬ್ಬರೂ ಕನ್ನಡದವರೇ ಆದರೂ. ನಡುವೆ ಮರಾಠಿ ಬಂದು ನಮ್ಮನ್ನು ಕಾಪಾಡಿತು. ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಒಬ್ಬಾಕೆ ನನ್ನನ್ನು ತಳ್ಳಿದಾಗ ಮೊದಲ ಸಲ ಮರಾಠಿಯಲ್ಲಿ ಎದುರು ಮಾತಾಡಿದೆ. ಅವಳು ಸರಿದು ಜಾಗ ಕೊಟ್ಟಳು. ಆ ದಿನ ಮಾಟುಂಗದಲ್ಲಿ ಇಳಿಯಬೇಕಾದವಳು ಖುಷಿಯಲ್ಲಿ ಮುಂದಿನ ಸ್ಟೇಶನ್‌ವರೆಗೆ ಹೋಗಿದ್ದೆ.

ನಾನು ಬಂದಾಗ ನಮ್ಮ ವಿಜಾಪುರವೂ ಮುಂಬಯಿ ರಾಜ್ಯದಲ್ಲೇ ಇತ್ತು. ಆಮೇಲೆ ರಾಜ್ಯಗಳು ಬೇರೆಯಾದವು, ಕನ್ನಡದ ಊರುಗಳು ಒಂದಾದವು. ಚಾಳದ ಕನ್ನಡದವರೆಲ್ಲ ಸೇರಿ ಪಾಯಸ ಮಾಡಿ ಉಂಡೆವು. ಉಂಡು ಎದ್ದ ಮೇಲೆ ನನಗೆ ಹೊಳೆಯಿತು: ಬೇರೆ ರಾಜ್ಯಕ್ಕೆ ಹೋದದ್ದು ತವರು, ನಾನಲ್ಲ.

ಹೋದ ವರ್ಷ ತಮ್ಮನ ಮದುವೆಗೆಂದು ಹೋದವಳು ಮೃಗಶಿರಾ ಮಳೆಯ ಹೊತ್ತಿಗೆ ತವರಿನಲ್ಲೇ ಇದ್ದೆ. ಒಂದು ಸಂಜೆ ಪಡುವಣ ದಿಕ್ಕಿನಿಂದ ಮೋಡ ಎದ್ದಿತು. ಅಂಗಳಕ್ಕೆ ಎಲ್ಲರೂ ಬಂದರು. ಅಪ್ಪ ರುಮಾಲು ತೆಗೆದು ತಲೆ ಬರಿದು ಮಾಡಿಕೊಂಡು ನಿಂತ. ಆ ಮೋಡ ಬರುತ್ತಿದ್ದ ದಿಕ್ಕಿನಲ್ಲೇ ಮುಂಬಯಿ. ಅಲ್ಲಿ ಸುರಿದು ಬಂದಿತೋ ಏನೋ. ಇವರು ಆಫೀಸಿನಿಂದ ಬಂದಿದ್ದಾರೋ ಇಲ್ಲವೋ, ಹಿಟ್ಟಿನ ಡಬ್ಬಿ ನೆಲದ ಮೇಲೇ ಇತ್ತಲ್ಲ, ಜಲಜಕ್ಕನ ಬಳಿ ಬೀಗದ ಕೈ ಇದೆ, ಎತ್ತಿಟ್ಟಿರುತ್ತಾರೆ.

"ಯಾಕವ್ವಾ, ಮಕಾ ಸಣ್ಣ ಮಾಡೀದಿ? ಮಳಿ ಬ್ಯಾಡೇನು ನಿನಗ?" ಎಂದು ಅಪ್ಪ ಕೇಳಿದ.

"ಬೇಕಪ್ಪಾ," ಅಂದೆ. ಖರೆಯಾಗಿಯೇ ಅಂದೆ. ದಪ್ಪ ಹನಿಗಳು ಕರಿಮಣ್ಣಿಗೆ ಬಿದ್ದು ವಾಸನೆ ಎದ್ದಿತು, ಎಲ್ಲರೂ ಮುಖವೆತ್ತಿ ಆಕಾಶ ನೋಡಿದರು. ನಾನು ನೆಲ ನೋಡುತ್ತಿದ್ದೆ, ನೀರು ಎಲ್ಲಿಯವರೆಗೆ ಬರುತ್ತದೆಂದು.